ಬಾಲ ಕತ್ತರಿಸಿದ ಮೇಲ್‌ಗಳು

ಕ್ಯಾಬ್‌ನಲ್ಲಿ ಬಿಟ್ಟುಹೋದ ಸಾಮಾನು ಸಿಗುತ್ತದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಮೊದಲ ಅರ್ಧ ಗಂಟೆಯಲ್ಲೇ ತೀರ್ಮಾನವಾಗುತ್ತದೆ. ಅಷ್ಟರೊಳಗೆ ಡ್ರೈವರ್‌ಗೆ ಫೋನ್ ಹೋದರೆ ಹಿಂದಿನ ಸೀಟು ಇನ್ನೂ ಖಾಲಿಯಿರುತ್ತದೆ. ತಡವಾದರೆ ಅಲ್ಲಿ ಬೇರೆ ಯಾರೋ ಕೂತಿರುತ್ತಾರೆ, ಅವರ ಬ್ಯಾಗಿನ ಅಡಿಯಲ್ಲಿ ಮೊದಲಿನವರ ಕನ್ನಡಕವೋ ಪಾಸ್‌ಪೋರ್ಟೋ ಸಿಕ್ಕಿಕೊಂಡಿರುತ್ತದೆ. ಕೋಗಿಲು ಕ್ರಾಸ್ ಹತ್ತಿರ ಟೈರ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನಮ್ಮ ಏರ್‌ಪೋರ್ಟ್ ಕ್ಯಾಬ್ ಕಂಪನಿಯ ಆಫೀಸಿತ್ತು. ನಾನು ಅಲ್ಲಿ ಮೇಲ್ ಡೆಸ್ಕ್‌ನ ಸೂಪರ್‌ವೈಸರ್. ನಾನೂ ಸೇರಿ ಐದು ಜನ ದಿನವಿಡೀ ಮಾಡುತ್ತಿದ್ದ ಕೆಲಸ, ಒಂದೇ ವಿಳಾಸಕ್ಕೆ ಬಂದು ಬೀಳುವ ಮೇಲ್‌ಗಳನ್ನು ಓದಿ, ಪ್ರತಿಯೊಂದಕ್ಕೂ ಒಂದು ಹೆಸರು ಹಚ್ಚಿ, ಸಂಬಂಧಪಟ್ಟವರಿಗೆ ಕಳಿಸುವುದು.

2017ರ ಬೇಸಿಗೆಯ ಹೊತ್ತಿಗೆ ಆ ಅರ್ಧ ಗಂಟೆ ನಮ್ಮ ಕೈಮೀರಿತ್ತು. ಕಂಪನಿಗಳ ಬುಕಿಂಗ್, ಡ್ರೈವರ್ ಕೆಲಸ ಕೇಳುವವರ ಅರ್ಜಿ, ಎಸಿ ಹಾಕಲಿಲ್ಲ ಎಂಬ ದೂರು, ಯಾರೋ ಎಲ್ಲರಿಗೂ ಕಳಿಸಿದ ಶುಭೋದಯದ ಹೂವಿನ ಚಿತ್ರ, ಇವೆಲ್ಲದರ ನಡುವೆ ‘ನನ್ನ ಲ್ಯಾಪ್‌ಟಾಪ್ ನಿಮ್ಮ ಗಾಡಿಯಲ್ಲೇ ಉಳಿಯಿತು’ ಎಂಬ ಮೇಲ್ ತನ್ನ ಸರದಿ ಕಾಯುತ್ತಿರುತ್ತಿತ್ತು. ನಾವು ಅದನ್ನು ತಲುಪುವಷ್ಟರಲ್ಲಿ ಗಾಡಿ ಹೆಬ್ಬಾಳದ ಫ್ಲೈಓವರ್ ಎರಡು ಸಲ ದಾಟಿರುತ್ತಿತ್ತು.

ಮ್ಯಾನೇಜರ್ ಒಂದು ಬೆಳಿಗ್ಗೆ ನನ್ನನ್ನು ಕ್ಯಾಬಿನ್‌ಗೆ ಕರೆದರು.

“ಮೇಡಂ, ಇನ್ಮೇಲೆ ಓದೋ ಕೆಲ್ಸ ಮಷೀನ್ ಮಾಡುತ್ತೆ. ಎಐ ಅಂತಾರಲ್ಲ, ಅದು. ನೀವು ಅದಕ್ಕೆ ಕಲಿಸ್ಬೇಕು, ಅಷ್ಟೇ.”

“ಕಲಿಸಿದ್ಮೇಲೆ ನಾವೈದು ಜನ ಏನ್ ಮಾಡ್ಬೇಕು ಸಾರ್?”

ಅವರು ಕಿಟಕಿಯ ಕಡೆ ನೋಡಿದರು. “ಅದನ್ನ ಆಮೇಲೆ ನೋಡೋಣ ಬಿಡಿ.”

ಆಮೇಲೆ ನೋಡುವಂಥದ್ದು ಏನಿರುತ್ತದೆ ಎಂದು ನನಗೆ ಗೊತ್ತಿತ್ತು. ಡೆಸ್ಕ್‌ಗೆ ಬಂದು ಉಳಿದ ನಾಲ್ವರಿಗೆ ಹೇಳಿದೆ. ನಮ್ಮಲ್ಲಿ ಹಿರಿಯರಾದವರು ಕೇಳಿದರು, “ಅದು ಕನ್ನಡ ಓದ್ತದಾ?” ಅವರು ಕೋಗಿಲು ಹಳ್ಳಿಯವರೇ, ಅವರ ಮನೆಯ ರಾಗಿ ಹೊಲದ ಮೇಲೆ ಈಗ ಸಾಲು ಮನೆಗಳಿವೆ. ಹಳೆಯ ಏರ್‌ಪೋರ್ಟಿನ ಕಾಲದಿಂದ ಹನ್ನೆರಡು ವರ್ಷ ಕಂಪನಿಯ ಗಾಡಿ ಓಡಿಸಿ, ಬೆನ್ನು ನೋವಾದ ಮೇಲೆ ಡೆಸ್ಕ್‌ಗೆ ಬಂದಿದ್ದರು. ಟೈಪ್ ಮಾಡುವುದು ಎರಡೇ ಬೆರಳಲ್ಲಿ. ಆದರೆ ಪ್ರಯಾಣಿಕರು ಸಾಮಾನನ್ನು ಸೀಟಿನ ಯಾವ ಸಂದಿಯಲ್ಲಿ ಮರೆಯುತ್ತಾರೆ ಎಂಬುದು ಅವರಷ್ಟು ಯಾರಿಗೂ ತಿಳಿದಿರಲಿಲ್ಲ.

ಮರುವಾರ ಆರ್.ಟಿ. ನಗರದಿಂದ ಬೈಕಿನಲ್ಲಿ ಒಬ್ಬ ಎಂಜಿನಿಯರ್ ಬಂದರು. ಮೂವತ್ತೈದರ ಆಸುಪಾಸು, ಆರು ತಿಂಗಳ ಕಾಂಟ್ರಾಕ್ಟ್. ಮೊದಲ ದಿನವೇ ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂತು ಹೇಳಿದರು, “ಮೇಡಂ, ಇದಕ್ಕೆ ಅರ್ಥ ಅನ್ನೋದು ಗೊತ್ತಾಗಲ್ಲ. ಯಾವ ಪದ ಯಾವ ಥರದ ಮೇಲ್‌ನಲ್ಲಿ ಜಾಸ್ತಿ ಬರುತ್ತೆ ಅಂತ ಎಣಿಸುತ್ತೆ, ಅಷ್ಟೇ. ನೀವು ಹಳೇ ಮೇಲ್‌ಗಳಿಗೆ ಸರಿಯಾದ ಹೆಸರು ಹಾಕ್ಕೊಡಿ. ಅದನ್ನ ನೋಡ್ಕೊಂಡು ಹೊಸ ಮೇಲ್‌ಗೆ ಅದೇ ಹೆಸರು ಹಾಕುತ್ತೆ.”

ನಾಲ್ಕು ಸಾವಿರ ಹಳೆಯ ಮೇಲ್‌ಗಳನ್ನು ಒಂದು ದೊಡ್ಡ ಪಟ್ಟಿಯಾಗಿ ತೆಗೆದುಕೊಟ್ಟರು. ಒಂದು ಸಾಲಿಗೆ ಒಂದು ಮೇಲ್. ಆರು ಹೆಸರು: ಕಳೆದದ್ದು, ದೂರು, ಮೆಚ್ಚುಗೆ, ಬುಕಿಂಗ್, ಕೆಲಸದ ಅರ್ಜಿ, ಕಸ. ಒಂದೇ ಮೇಲ್‌ಗೆ ಇಬ್ಬರು ಬೇರೆ ಬೇರೆ ಕೂತು, ಒಬ್ಬರದನ್ನೊಬ್ಬರು ನೋಡದೆ, ಹೆಸರು ಹಾಕಬೇಕು. ಇಬ್ಬರದೂ ಒಂದೇ ಆದರೆ ಸರಿ, ಬೇರೆಯಾದರೆ ಚರ್ಚೆ. ನನ್ನ ಜೊತೆಗೆ ಹಳೆಯ ಡ್ರೈವರನ್ನೇ ಹಾಕಿಕೊಂಡೆ.

ಐದು ವಾರ ಹಿಡಿಯಿತು. ದಿನದ ಮೇಲ್ ನೋಡಿ ಮುಗಿದ ಮೇಲೆ ಇದು. ಸಂಜೆ ನಾಲ್ಕಕ್ಕೆ ಟೀ ಬಂದಾಗ ನಮ್ಮ ಚರ್ಚೆ. ಒಬ್ಬರು ಬರೆದಿದ್ದರು: ನಿಮ್ಮ ಡ್ರೈವರ್ ಎಂಥ ಅವಸರದ ಮನುಷ್ಯ, ನಾನು ಛತ್ರಿ ತೆಗೆದುಕೊಳ್ಳುವ ಮೊದಲೇ ಗಾಡಿ ಹೊರಡಿಸಿಬಿಟ್ಟ. ನಾನು ‘ದೂರು’ ಎಂದು ಹಾಕಿದ್ದೆ, ಅವರು ‘ಕಳೆದದ್ದು’ ಎಂದು.

“ಬೈದಿದಾರಲ್ಲ, ದೂರೇ ತಾನೇ ಇದು?” ಎಂದೆ.

“ಬೈಗಳ ಎಲ್ಲೂ ಓಗಲ್ಲ ಕಣಮ್ಮ, ನಾಳೆ ಕೇಳಿದ್ರೂ ಆಯ್ತದೆ. ಛತ್ರಿ ಓಯ್ತದೆ,” ಎಂದರು.

ನಾನು ಹಾಕಿದ್ದ ಹೆಸರನ್ನು ಅಳಿಸಿ ಅವರದನ್ನು ಉಳಿಸಿದೆ. ಹದಿನಾಲ್ಕು ವರ್ಷ ಮೇಲ್ ಓದಿದವಳು ನಾನು, ಆದರೆ ಒಂದು ಮೇಲ್‌ನಲ್ಲಿ ಯಾವುದು ಕಾಯಬಲ್ಲದು, ಯಾವುದು ಕಾಯಲಾರದು ಎಂದು ಬೇರ್ಪಡಿಸಿ ಯೋಚಿಸಿರಲಿಲ್ಲ. ನಿಜ ಹೇಳಬೇಕೆಂದರೆ ಆ ಐದು ವಾರ ನನಗೆ ಖುಷಿಯಾಗಿತ್ತು. ಕೆಲಸ ಹೋಗುವ ಭಯ ಇದ್ದೇ ಇತ್ತು. ಅದರ ಪಕ್ಕದಲ್ಲೇ ಖುಷಿಯೂ ಇತ್ತು.

ಮೊದಲ ಪರೀಕ್ಷೆಯ ದಿನ ಮಷೀನ್ ಬೆಳಿಗ್ಗೆ ಒಂಬತ್ತರಿಂದ ಹತ್ತರೊಳಗೆ ನಲವತ್ತು ‘ಕಳೆದದ್ದು’ ಹಿಡಿಯಿತು. ನಾವು ಹುಚ್ಚರಂತೆ ಡ್ರೈವರ್‌ಗಳಿಗೆ ಫೋನ್ ಮಾಡಿದೆವು. ಅವರು ರಸ್ತೆ ಬದಿ ಗಾಡಿ ನಿಲ್ಲಿಸಿ ಸೀಟು ಎತ್ತಿ ನೋಡಿದರು. ಏನೂ ಇಲ್ಲ. “ಏನ್ ಗುರು ಇದು, ನನ್ ಗಾಡೀಲಿ ಏನೂ ಇಲ್ಲ ಅಂತ ಎಷ್ಟ್ ಸಲ ಹೇಳ್ಲಿ?” ಎಂದು ಒಬ್ಬ ರೇಗಿದ.

ಆ ನಲವತ್ತನ್ನೂ ಎಂಜಿನಿಯರ್ ಪ್ರಿಂಟ್ ತೆಗೆಸಿ ಮೇಜಿನ ಮೇಲೆ ಹರಡಿದರು. ಓದುತ್ತ ಹೋದಾಗ ನನಗೆ ಹೊಳೆಯಿತು. ಹೆಚ್ಚಿನವೆಲ್ಲ ದೊಡ್ಡ ಕಂಪನಿಗಳಿಂದ ಬಂದ ಬುಕಿಂಗ್ ಮೇಲ್‌ಗಳು. ಅವುಗಳ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ವಕೀಲರ ಭಾಷೆಯ ಒಂದು ಪ್ಯಾರಾ ತಾನಾಗಿಯೇ ಅಂಟಿಕೊಂಡು ಬರುತ್ತದೆ: ಈ ಮೇಲ್ ತಪ್ಪಿ ನಿಮಗೆ ಬಂದಿದ್ದರೆ ಅಳಿಸಿಬಿಡಿ, ಯಾವುದೇ ಲಾಸ್‌ಗೆ, ಡ್ಯಾಮೇಜ್‌ಗೆ ನಾವು ಹೊಣೆಯಲ್ಲ. ಮಷೀನ್ ಆ ‘ಲಾಸ್’ ಎಂಬ ಪದವನ್ನು ಕಂಡು ಏನೋ ಕಳೆದಿದೆ ಎಂದುಕೊಂಡಿತ್ತು.

“ಇದರ ಬಾಲ ಕತ್ತರಿಸಿಬಿಡಿ,” ಎಂದೆ. “ಜನ ಹೇಳಬೇಕಾದ್ದನ್ನ ಮೊದಲೇ ಹೇಳಿರ್ತಾರೆ. ಕೊನೇಲಿ ಇರೋದೆಲ್ಲ ಇಂಥ ಕಸವೇ.”

“ಸೂಪರ್ ಮೇಡಂ!” ಎಂದರು ಎಂಜಿನಿಯರ್. ಮೊದಲ ಅರವತ್ತು ಪದ ಮಾತ್ರ ಓದು, ಉಳಿದದ್ದನ್ನು ಬಿಡು ಎಂದು ಮಷೀನ್‌ಗೆ ಹೇಳಿದರು. ಮರುದಿನದ ಪರೀಕ್ಷೆಯಲ್ಲಿ ಸುಳ್ಳು ಫೋನುಗಳು ನಿಂತುಹೋದವು. ಮ್ಯಾನೇಜರ್ ಎಲ್ಲರಿಗೂ ಮಸಾಲೆ ದೋಸೆ ತರಿಸಿದರು. ನನ್ನ ಸಲಹೆಯಿಂದ ಆಯಿತೆಂದು ಎಲ್ಲರೆದುರು ಹೇಳಿದರು. ನಾನೂ ಹಿಗ್ಗಿದೆ.

ಆಗಸ್ಟ್‌ನಲ್ಲಿ ಮಷೀನ್ ನಿಜವಾದ ಕೆಲಸಕ್ಕೆ ಇಳಿಯಿತು. ‘ಕಳೆದದ್ದು’ ಎಂದು ಹೆಸರಾದ ಮೇಲ್ ಎರಡು ನಿಮಿಷದಲ್ಲಿ ನನ್ನ ಪರದೆಯ ತುದಿಯಲ್ಲಿ ಕೆಂಪಾಗಿ ನಿಲ್ಲುತ್ತಿತ್ತು. ‘ಬುಕಿಂಗ್’ ನೇರವಾಗಿ ಬುಕಿಂಗ್‌ನವರಿಗೆ ಹೋಗುತ್ತಿತ್ತು. ‘ಮೆಚ್ಚುಗೆ’ಯನ್ನು ವಾರಕ್ಕೊಮ್ಮೆ, ಶನಿವಾರ ಓದಿದರೆ ಸಾಕು ಎಂದು ಮ್ಯಾನೇಜರ್ ತೀರ್ಮಾನಿಸಿದರು, ಹೊಗಳಿಕೆಗೆ ಅವಸರವೇನು? ನಮ್ಮಲ್ಲಿ ಇಬ್ಬರನ್ನು ಫೋನ್ ವಿಭಾಗಕ್ಕೆ ಕಳಿಸಿದರು. ಡೆಸ್ಕ್‌ನಲ್ಲಿ ಮೂವರು ಉಳಿದೆವು.

ಮೂರನೆಯ ಶನಿವಾರ, ಮಧ್ಯಾಹ್ನದ ಊಟ ಮುಗಿಸಿ ‘ಮೆಚ್ಚುಗೆ’ ತೆರೆದೆ. ಮಂಗಳವಾರ ಬೆಳಿಗ್ಗೆ ಸಂಜಯನಗರದ ಒಬ್ಬ ಮಹಿಳೆ ಬರೆದ ಮೇಲ್ ಅದರಲ್ಲಿತ್ತು. ನಿಮ್ಮ ಡ್ರೈವರ್ ತುಂಬ ಒಳ್ಳೆಯವರು, ನನ್ನ ತಾಯಿಗೆ ತಲೆಸುತ್ತು ಎಂದು ನಿಧಾನವಾಗಿ ಓಡಿಸಿದರು, ಕೈ ಹಿಡಿದು ಇಳಿಸಿದರು, ಟ್ರಾಲಿ ತಂದುಕೊಟ್ಟರು, ಇಂಥವರನ್ನು ನೀವು ಗುರುತಿಸಬೇಕು, ಎಂದು ಎರಡು ಪ್ಯಾರಾ. ನಗುತ್ತ ಓದುತ್ತಿದ್ದೆ. ಮೂರನೆಯ ಪ್ಯಾರಾ ಹೀಗಿತ್ತು: ‘ಒಂದು ಸಣ್ಣ ವಿನಂತಿ. ಅಮ್ಮನ ಕಿವಿಯ ಮಷೀನ್ ಇದ್ದ ನೀಲಿ ಪೌಚ್ ಕಾಣಿಸುತ್ತಿಲ್ಲ. ಸೀಟಿನ ಮೇಲೆ ಉಳಿದಿರಬಹುದೇ? ನಾವು ಅವರ ಮೊಮ್ಮಗಳ ಮದುವೆಗೆ ಪುಣೆಗೆ ಹೋಗುತ್ತಿದ್ದೇವೆ. ಮದುವೆ ಶುಕ್ರವಾರ. ಅಷ್ಟರೊಳಗೆ ಕಳಿಸಲು ಸಾಧ್ಯವಾದರೆ ದೊಡ್ಡ ಉಪಕಾರ.’

ಅಂದು ಶನಿವಾರ.

ಎದ್ದು, ಗಾಡಿಯಲ್ಲಿ ಸಿಕ್ಕಿದ್ದನ್ನು ಡ್ರೈವರ್‌ಗಳು ತಂದಿಡುವ ಸಾಮಾನಿನ ಕೋಣೆಗೆ ಹೋದೆ. ಎರಡನೆಯ ಶೆಲ್ಫಿನಲ್ಲಿ ನೀಲಿ ಪೌಚ್ ಇತ್ತು. ಡ್ರೈವರ್ ಅದನ್ನು ಮಂಗಳವಾರ ಮಧ್ಯಾಹ್ನವೇ ತಂದುಕೊಟ್ಟು, ಚೀಟಿ ಕಟ್ಟಿ, ಸಹಿ ಮಾಡಿ ಹೋಗಿದ್ದ. ನಾಲ್ಕು ದಿನ ಪೌಚ್ ಈ ಕೋಣೆಯಲ್ಲಿ, ಮೇಲ್ ಆ ಕೋಣೆಯಲ್ಲಿ. ನಡುವೆ ಹತ್ತು ಹೆಜ್ಜೆ. ಅರವತ್ತು ಪದದ ಆಚೆಗಿದ್ದ ಆ ಪ್ಯಾರಾವನ್ನು ಮಷೀನ್ ಓದಿಯೇ ಇರಲಿಲ್ಲ. ಓದಬೇಡ ಎಂದು ಹೇಳಿದ್ದು ನಾನು.

ಆ ಮಹಿಳೆಗೆ ಫೋನ್ ಮಾಡಿದೆ. ಹಿಂದೆ ಮದುವೆ ಮನೆಯ ಗಲಾಟೆ ಇನ್ನೂ ಕೇಳುತ್ತಿತ್ತು. ತಪ್ಪು ನಮ್ಮದು, ಮೇಲ್ ಇವತ್ತು ಓದಿದೆವು, ವಸ್ತು ಮಂಗಳವಾರದಿಂದ ನಮ್ಮಲ್ಲೇ ಇತ್ತು ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

“ಅಮ್ಮ ನಿನ್ನೆ ಇಡೀ ದಿನ ಎಲ್ರಿಗೂ ನಗ್ತಾ ತಲೆ ಆಡಿಸ್ತಿದ್ರು,” ಎಂದರು. “ಒಂದು ಮಾತೂ ಕೇಳಿಸ್ತಿರ್ಲಿಲ್ಲ ಅವ್ರಿಗೆ. ಈಗ ಕಳಿಸಿ ಏನ್ ಮಾಡ್ಲಿ? ನಾಳೆ ನಾವೇ ಬೆಂಗಳೂರಿಗೆ ವಾಪಸ್ ಬರ್ತೀವಿ.”

ಬೈದಿದ್ದರೆ ಸುಲಭವಾಗುತ್ತಿತ್ತು.

ಭಾನುವಾರ ಸಂಜೆ ಸಂಜಯನಗರದ ಅವರ ಮನೆಗೆ ನಾನೇ ಪೌಚ್ ತೆಗೆದುಕೊಂಡು ಹೋದೆ. ಮಗಳು ಬಾಗಿಲು ತೆರೆದು, ನಗದೆ ಒಳಗೆ ಕರೆದರು. ಅಜ್ಜಿ ಸೋಫಾದ ಮೇಲೆ ಕೂತು ಬಿಳಿ ಬಟ್ಟೆಯಲ್ಲಿ ಮಷೀನ್ ಒರೆಸಿ, ಕಿವಿಗೆ ಸಿಕ್ಕಿಸಿ, ಒಮ್ಮೆ ಕಣ್ಣು ಮುಚ್ಚಿ ತೆರೆದರು. ನಾನು ಕ್ಷಮೆ ಕೇಳಿದೆ. ನಮ್ಮ ಆಫೀಸಿನ ಮಷೀನ್ ಮೇಲ್‌ಗಳನ್ನು ಎಲ್ಲಿಯವರೆಗೆ ಓದುತ್ತದೆ, ಯಾಕೆ ಎಂಬುದನ್ನೂ ಹೇಳಿದೆ. ಮಗಳಿಗೆ ಉತ್ತರ ಸಿಗಬೇಕಿತ್ತು.

ಅಜ್ಜಿ ಮಗಳ ಕಡೆ ನೋಡಿ ನಕ್ಕರು. “ಅವ್ಳು ಯಾವಾಗ್ಲೂ ಹಾಗೇ ಕಣಮ್ಮ. ಮೊದ್ಲು ನಾಲ್ಕು ಒಳ್ಳೆ ಮಾತು, ಕೆಲ್ಸದ ಮಾತು ಕೊನೇಗೆ. ಹಾಗೆ ಕಲಿಸಿದ್ದೂ ನಾನೇ. ನಮ್ಮನೇಲಿ ಯಾರ್ ಮಾತಾದ್ರೂ ಕೊನೇವರ್ಗೂ ಕೇಳ್ಬೇಕು.” ಆಮೇಲೆ ಮಗಳಿಗೆ, “ಮದುವೆ ವಿಡಿಯೋ ಹಾಕು. ಈಗ ಕೇಳಿಸ್ಕೋತೀನಿ. ಇವ್ರೂ ನೋಡ್ಲಿ,” ಎಂದರು. ಕಾಫಿ ಕುಡಿಯುತ್ತ ನಾನೂ ಆ ಮದುವೆ ನೋಡಿದೆ. ಮಾಂಗಲ್ಯಧಾರಣೆಯ ವಾದ್ಯ ಬಂದಾಗ ಅಜ್ಜಿ ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿದರು. ಹೊರಡುವಾಗ ಮಗಳು ಗೇಟಿನವರೆಗೆ ಬಂದರು.

ಬಸ್ಸಿನಲ್ಲಿ ಕೂತು ನಾನು ಯೋಚಿಸಿದ್ದು ಒಂದೇ. ಒಬ್ಬ ಸುಸಂಸ್ಕೃತ ಮನುಷ್ಯ ನಮ್ಮ ಕಡೆ ಹೇಗೆ ಮಾತಾಡುತ್ತಾನೋ, ನಾನು ಅದನ್ನೇ ಮಷೀನ್‌ಗೆ ಕೇಳಿಸದಂತೆ ಮಾಡಿದ್ದೆ. ಕೂಗಾಡುವವರ ಮೇಲ್ ಮೊದಲ ಸಾಲಿನಲ್ಲೇ ಸಿಕ್ಕಿಬಿಡುತ್ತಿತ್ತು. ಸಂಕೋಚದವರದು ಸಿಗುತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ, ಯಾರನ್ನೂ ಕೇಳದೆ, ಮಷೀನ್ ತಾನಾಗಿ ಮೇಲ್ ಕಳಿಸುವುದನ್ನು ನಿಲ್ಲಿಸಿ ಎಂದು ಎಂಜಿನಿಯರ್‌ಗೆ ಹೇಳಿದೆ. ಅವರು ನನ್ನ ಮುಖ ನೋಡಿ ನಿಲ್ಲಿಸಿದರು. ಹತ್ತು ಗಂಟೆಗೆ ಮ್ಯಾನೇಜರ್ ಡೆಸ್ಕ್‌ಗೇ ಬಂದರು.

“ಮೇಡಂ, ಒಂದ್ ಮೇಲ್ ತಪ್ಪಿದ್ದಕ್ಕೆ ಇಡೀ ಸಿಸ್ಟಮ್ ನಿಲ್ಸೋದಾ? ನೀವೇ ಓದ್ತಿದ್ದಾಗ ತಪ್ತಿರ್ಲಿಲ್ವಾ?”

“ತಪ್ತಿತ್ತು ಸಾರ್. ಆದ್ರೆ ತಡ ಆಗಿ ತಪ್ತಿತ್ತು, ಓದದೇ ತಪ್ತಿರ್ಲಿಲ್ಲ. ಮೂರು ವಾರ ಕೊಡಿ. ಏನೇನ್ ಬದಲಾಗ್ಬೇಕು ಅಂತ ಈ ಸಲ ನನ್ ಹೆಸ್ರಲ್ಲೇ ಬರ್ಕೊಡ್ತೀನಿ.”

ನಾನು ಕೇಳಿದ್ದು ಮೂರು ಬದಲಾವಣೆ. ಒಂದು ಮೇಲ್‌ಗೆ ಎರಡು ಹೆಸರು ಹಾಕಲು ಬರಬೇಕು. ಮೆಚ್ಚುಗೆಯೂ ಹೌದು, ಕಳೆದದ್ದೂ ಹೌದು. ಮಷೀನ್ ಮೇಲನ್ನು ಒಟ್ಟಾಗಿ ತೂಗದೆ, ವಾಕ್ಯ ವಾಕ್ಯವಾಗಿ, ಕೊನೆಯವರೆಗೆ ಓದಬೇಕು. ಮೂರನೆಯದಕ್ಕೆ ಮ್ಯಾನೇಜರ್ ತಲೆ ಅಲ್ಲಾಡಿಸಿದರು: ಮಷೀನ್‌ಗೆ ಖಾತ್ರಿಯಿಲ್ಲದಿದ್ದಾಗ ಅದು ಯಾವ ಹೆಸರನ್ನೂ ಹಾಕದೆ ‘ಗೊತ್ತಿಲ್ಲ’ ಎಂದು ನಮ್ಮ ಮುಂದೆ ಇಡಬೇಕು.

“ಗೊತ್ತಿಲ್ಲ ಅನ್ನೋ ಮಷೀನ್ ಯಾರಿಗ್ರೀ ಬೇಕು? ಮಷೀನ್ ನೋಡೋಕ್ ಬಂದವ್ರಿಗೆ ಅದನ್ನೇ ತೋರಿಸ್ಲಾ?”

ಹಳೆಯ ಡ್ರೈವರ್ ಕುರ್ಚಿ ತಿರುಗಿಸಿದರು. “ಸಾರ್, ಗೊತ್ತಿಲ್ಲ ಅನ್ನೋ ಡ್ರೈವರ್ ಗಾಡಿ ನಿಲ್ಸಿ ಅಡ್ರೆಸ್ ಕೇಳ್ತಾನೆ. ಎಲ್ಲಾ ಗೊತ್ತು ಅನ್ನೋನೇ ಪ್ಯಾಸೆಂಜರ್‌ನ ಕರ್ಕಂಡು ದೊಡ್ಡಬಳ್ಳಾಪುರಕ್ಕೆ ಓಗೋದು.”

ಎಂಜಿನಿಯರ್ ಜೋರಾಗಿ ನಕ್ಕರು. ಮ್ಯಾನೇಜರ್‌ಗೂ ನಗು ತಡೆಯಲಾಗಲಿಲ್ಲ. “ಮೂರು ವಾರ. ಅದ್ರ ಮೇಲೆ ಒಂದ್ ದಿನಾನೂ ಇಲ್ಲ,” ಎಂದು ಹೋದರು.

ಬಾಲದ ಸಮಸ್ಯೆಗೆ ಎಂಜಿನಿಯರ್ ಬೇರೆ ದಾರಿ ಹುಡುಕಿದರು. ಕಂಪನಿಗಳ ಮೇಲ್‌ಗೆ ಅಂಟಿಕೊಂಡು ಬರುವ ವಕೀಲರ ಪ್ಯಾರಾಗಳು ಪ್ರತಿ ಸಲವೂ ಅಕ್ಷರಶಃ ಒಂದೇ ಇರುತ್ತವೆ. ಅಂಥವನ್ನು ನಾನು ಒಂದೊಂದಾಗಿ ಪಟ್ಟಿ ಮಾಡಿಕೊಟ್ಟೆ. ಅವಷ್ಟನ್ನೇ ತೆಗೆದರೆ ಉಳಿಯುವುದು ಮನುಷ್ಯರು ಬರೆದ ಮಾತು. ಮೊದಲೇ ಹೀಗೆ ಮಾಡಬಹುದಿತ್ತು. ಎರಡು ದಿನದ ಬೇಸರದ ಕೆಲಸ ಎಂದು ನಾವು ಕತ್ತರಿ ಹಿಡಿದಿದ್ದೆವು.

ಹಳೆಯ ಡ್ರೈವರ್ ಇನ್ನೊಂದು ಪಟ್ಟಿ ಬರೆದರು, ಕೈಯಲ್ಲಿ, ರೂಲ್ ಹಾಳೆಯ ಮೇಲೆ. ಮರೆತವರು ‘ಮರೆತೆ’ ಎಂದು ಬರೆಯುವುದು ಕಡಿಮೆ ಎಂಬುದು ಅವರ ವಾದ. ಉಳಿಯಿತು, ಕಾಣ್ತಿಲ್ಲ, ಜಾರಿರಬಹುದು, ಒಂದ್ಸಲ ನೋಡ್ತೀರಾ, ಇಟ್ಟಿದ್ದ ನೆನಪು, ನನ್ನದೇ ತಪ್ಪು. “ಈ ‘ನನ್ನದೇ ತಪ್ಪು’ ಅನ್ನೋದು ಬಂದ್ರೆ ಸಾಮಾನು ಓಗ್ಯದೆ ಅಂತಾನೇ ಲೆಕ್ಕ,” ಎಂದರು. ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯುವವರು ಒಂದೇ ಪದವನ್ನು ನಾಲ್ಕೈದು ಥರ ಬರೆಯುತ್ತಿದ್ದರು. ಅವನ್ನೂ ಕಲೆ ಹಾಕಿ ಸೇರಿಸಿದೆವು. ‘ಮೆಚ್ಚುಗೆ’ ಎಂದು ಹೆಸರಾಗಿದ್ದ ಹಳೆಯ ಮೇಲ್‌ಗಳನ್ನೆಲ್ಲ ಮತ್ತೆ ಮೊದಲಿನಿಂದ ಓದಿದೆವು. ಅವುಗಳಲ್ಲಿ ನಾನೇ ಐದು ವಾರದ ಕೆಲಸದಲ್ಲಿ ಅವಸರದಿಂದ ತಪ್ಪು ಹಾಕಿದ ಎರಡು ಸಿಕ್ಕವು. ಯಾರಿಗೂ ಕಾಣದಂತೆ ತಿದ್ದಬಹುದಿತ್ತು. ಎಂಜಿನಿಯರ್‌ಗೆ ತೋರಿಸಿಯೇ ತಿದ್ದಿದೆ.

ಮೂರು ವಾರವೂ ಮಷೀನ್ ಒಂದು ಕಡೆ, ನಾವು ಮೂವರು ಇನ್ನೊಂದು ಕಡೆ ಒಂದೇ ಮೇಲ್‌ಗಳಿಗೆ ಹೆಸರು ಹಾಕಿದೆವು. ಸಂಜೆ ಹೋಲಿಕೆ. ಮೊದಲ ವಾರ ಅದು ಪ್ರತಿ ಮೂರರಲ್ಲಿ ಒಂದಕ್ಕೆ ‘ಗೊತ್ತಿಲ್ಲ’ ಎಂದಿತು. ಅಷ್ಟಾದರೆ ನಮ್ಮ ಕೆಲಸವೇನೂ ಕಡಿಮೆಯಾಗುವುದಿಲ್ಲ. ಹೆಸರು ಹಾಕಲು ಮಷೀನ್‌ಗೆ ಎಷ್ಟು ಖಾತ್ರಿಯಿರಬೇಕು ಎಂಬ ಮಟ್ಟವನ್ನು ಎಂಜಿನಿಯರ್ ಸ್ವಲ್ಪ ಸ್ವಲ್ಪವೇ ಇಳಿಸುತ್ತ ಹೋದರು. ಬುಕಿಂಗ್‌ಗೆ ಹೆಚ್ಚು ಸಲಿಗೆ; ‘ಕಳೆದದ್ದು’ ಇರಬಹುದು ಎಂಬ ಸಣ್ಣ ಅನುಮಾನ ಬಂದರೂ ಕೆಂಪು. ಕೊನೆಯ ವಾರ ಸಂಜಯನಗರದ ಆ ಮೇಲನ್ನು ಹೊಸದಾಗಿ ಬಂದಂತೆ ಅದರ ಮುಂದಿಟ್ಟೆ. ಎರಡು ಹೆಸರು ಬಂದವು. ಎಂಜಿನಿಯರ್ ಫೋನ್ ತೆಗೆದು ಯಾರೋ ಗೆಳೆಯನಿಗೆ, “ಮಚ್ಚಾ, ಆಯ್ತು ಕಣೋ,” ಎಂದರು.

ಆಮೇಲೆ ಡೆಸ್ಕ್ ಮೂವರದ್ದೇ ಆಗಿ ಉಳಿಯಿತು. ಮ್ಯಾನೇಜರ್ ಅದನ್ನು ಇಬ್ಬರಿಗೆ ಇಳಿಸಬೇಕೆಂದಿದ್ದರಂತೆ; ‘ಗೊತ್ತಿಲ್ಲ’ ಓದಲು ಜನ ಬೇಕಲ್ಲ ಎಂದು ತಾವೇ ಬಿಟ್ಟರು. ಫೋನ್ ವಿಭಾಗಕ್ಕೆ ಹೋದ ಇಬ್ಬರಲ್ಲಿ ಒಬ್ಬಾಕೆಗೆ ಅಲ್ಲಿಯೇ ಹಿಡಿಸಿತು. ಇನ್ನೊಬ್ಬರು ಯಶವಂತಪುರದ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿಗೆ ಸೇರಿದರು. ನನ್ನ ದಿನ ಬದಲಾಯಿತು. ಶುಭೋದಯದ ಹೂವುಗಳನ್ನು ನಾನು ಈಗ ನೋಡುವುದೇ ಇಲ್ಲ. ನನ್ನ ಮುಂದೆ ಬರುವುದು ಕೆಂಪು ಮೇಲ್‌ಗಳು ಮತ್ತು ಮಷೀನ್‌ಗೆ ಬಗೆಹರಿಯದ ಮೇಲ್‌ಗಳು. ಎರಡೂ ಓದಲು ಯೋಗ್ಯವಾದವೇ. ‘ಸಿಕ್ಕಿತು, ಥ್ಯಾಂಕ್ಸ್’ ಎಂಬ ಉತ್ತರಗಳು ದಿನಕ್ಕೆ ಒಂದೆರಡಾದರೂ ಬರತೊಡಗಿದವು.

ಮರುವರ್ಷ ಜನವರಿಯ ಒಂದು ಬೆಳಿಗ್ಗೆ ‘ಗೊತ್ತಿಲ್ಲ’ ಎಂದು ಬಂದ ಮೇಲ್ ಯಲಹಂಕ ನ್ಯೂಟೌನಿನದು. ನಿನ್ನೆ ಏರ್‌ಪೋರ್ಟ್‌ನಿಂದ ಮನೆಗೆ ಬಂದು ಸಾಮಾನು ಬಿಚ್ಚಿದಾಗ ನಮ್ಮದಲ್ಲದ ಒಂದು ಬಟ್ಟೆ ಚೀಲ ಸಿಕ್ಕಿದೆ, ಡಿಕ್ಕಿಯಲ್ಲಿ ಮೊದಲೇ ಇದ್ದಿರಬೇಕು, ಒಳಗೆ ಹಳದಿ ಉಲ್ಲನ್ ಮತ್ತು ಅರ್ಧ ಹೆಣೆದ ಮಗುವಿನ ಸ್ವೆಟರ್ ಇದೆ, ಹೆಣಿಗೆ ಬಿಚ್ಚಿಹೋಗಬಾರದೆಂದು ಸೂಜಿಯನ್ನು ಹಾಗೇ ಇಟ್ಟಿದ್ದೇನೆ, ಇದು ಯಾರದು? ಎಂದು ಬರೆದಿದ್ದರು. ಇದು ಕಳೆದದ್ದಲ್ಲ, ದೂರಲ್ಲ, ಮೆಚ್ಚುಗೆಯೂ ಅಲ್ಲ. ನಮ್ಮ ಆರು ಹೆಸರುಗಳಲ್ಲಿ ಇದಕ್ಕೆ ಜಾಗವೇ ಇರಲಿಲ್ಲ.

ಹಿಂದಿನ ದಿನದ ಕೆಂಪು ಪಟ್ಟಿ ತೆರೆದೆ. ಮಗಳ ಬಾಣಂತನಕ್ಕೆಂದು ದೆಹಲಿಗೆ ಹೊರಟಿದ್ದ ಒಬ್ಬ ನಿವೃತ್ತ ಮೇಷ್ಟ್ರು ಬರೆದಿದ್ದರು: ಹಳದಿ ಉಲ್ಲನ್ ಇರುವ ಚೀಲ, ಡಿಕ್ಕಿಯಲ್ಲಿ, ಹೆಣೆಯುತ್ತಿರುವುದು ನಾನೇ, ದಯವಿಟ್ಟು ನಗಬೇಡಿ. ಡ್ರೈವರ್‌ಗೆ ಫೋನ್ ಮಾಡಿದಾಗ ಡಿಕ್ಕಿ ಖಾಲಿಯಾಗಿತ್ತು. ಇನ್ನು ಸಿಗುವುದಿಲ್ಲ ಎಂದು ನಾನೇ ಅವರಿಗೆ ಉತ್ತರಿಸಿದ್ದೆ.

ಎರಡೂ ಮೇಲ್‌ಗಳನ್ನು ಪಕ್ಕಪಕ್ಕ ಇಟ್ಟು ಹಳೆಯ ಡ್ರೈವರನ್ನು ಕರೆದೆ. ಅವರು ಕನ್ನಡಕ ಹಾಕಿಕೊಂಡು ಎರಡನ್ನೂ ಕೊನೆಯವರೆಗೆ ಓದಿ, “ಸೂಜಿ ತೆಗೀದೆ ಇಟ್ಟವ್ರೆ ನೋಡಮ್ಮ,” ಎಂದರು. ಅವರೇ ಹೋಗಿ ಚೀಲ ತಂದರು. ಮಧ್ಯಾಹ್ನದೊಳಗೆ ಕೊರಿಯರ್ ಹೊರಟಿತು.

ಕಾಂಟ್ರಾಕ್ಟ್ ಮುಗಿದಿದ್ದರೂ ಎಂಜಿನಿಯರ್‌ಗೆ ಫೋನ್ ಮಾಡಿ, ಏಳನೆಯ ಹೆಸರು ಬೇಕು ಎಂದೆ.

“ಏನಂತ ಮೇಡಂ?”

“‘ಸಿಕ್ಕಿದೆ’ ಅಂತ.”

“ಹಾಕ್ತೀನಿ. ಆದ್ರೆ ಒಂದ್ ಮೇಲ್ ಇಟ್ಕೊಂಡು ಮಷೀನ್ ಏನೂ ಕಲಿಯಲ್ಲ ಮೇಡಂ. ಐವತ್ತಾದ್ರೂ ಬೇಕು. ಎಲ್ಲಿಂದ ತರ್ತೀರಾ?”

“ಬರ್ತಾವೆ ಬಿಡಿ,” ಎಂದೆ. “ಅಲ್ಲೀವರ್ಗೂ ನಾವೇ ಓದ್ತೀವಿ.”